ಸ್ಪ್ರಿಂಗ್ ಬದಲಿಸುವ ಮುಂಚೆ ಸ್ಕ್ರೂ ನೋಡಿ: ಟ್ರೆಮೊಲೊ ಕ್ಲಾ ಕೆಲಸದ ಟಿಪ್ಪಣಿ

ಕೆಲಸಕ್ಕೆ ಬಂದ ಗಿಟಾರ್ ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್) ಮಾದರಿಯದು. 25.5 ಇಂಚಿನ ಸ್ಕೇಲ್ (ತಂತಿ ಕಂಪಿಸುವ ಉದ್ದ), ಬಾಸ್‌ವುಡ್ ಬಾಡಿ, ಎರಡು ಕಂಬದ ಮೇಲೆ ನಿಲ್ಲುವ ಟ್ರೆಮೊಲೊ (ಆರ್ಮ್ ಎಂಬ ಕಡ್ಡಿ ಒತ್ತಿ ಎಲ್ಲ ತಂತಿಯ ಶ್ರುತಿ ಇಳಿಸುವ ಬ್ರಿಡ್ಜ್), ಹಿಂದಿನ ಗೂಡಿನಲ್ಲಿ ಮೂರು ಸ್ಪ್ರಿಂಗ್. ಸ್ಪ್ರಿಂಗ್‌ಗಳ ಒಂದು ತುದಿ ಬ್ರಿಡ್ಜಿನಿಂದ ಗೂಡಿಗೆ ಇಳಿದ ಲೋಹದ ಬ್ಲಾಕಿನಲ್ಲಿ, ಇನ್ನೊಂದು ತುದಿ ಕ್ಲಾದಲ್ಲಿ; ಕ್ಲಾ ಎಂದರೆ ಕುತ್ತಿಗೆ ಕಡೆಯ ಗೋಡೆಗೆ ಎರಡು ಸ್ಕ್ರೂನಿಂದ ಕೂತ ಕೊಂಡಿಗಳ ಪ್ಲೇಟು. ಕಲಬುರಗಿಯ ಚರ್ಚ್ ಬ್ಯಾಂಡ್ ಒಂದರಲ್ಲಿ ವಾರವಾರ ನುಡಿಯುವ ವಾದ್ಯ. ದೂರು ಹೀಗಿತ್ತು: 9-42 ತಂತಿ ತೆಗೆದು ದಪ್ಪದ 10-46 (ತೆಳು ಮತ್ತು ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಭಾಗದಲ್ಲಿ) ಹಾಕಿದ ಮೇಲೆ ಬ್ರಿಡ್ಜಿನ ಹಿಂಬದಿ ಎದ್ದು ನಿಂತಿದೆ. ಕ್ಲಾ ಸ್ಕ್ರೂ ಬಿಗಿ ಮಾಡಿದರೆ ಅವತ್ತಿಗೆ ಸರಿ, ಮರುದಿನ ಬೆಳಗ್ಗೆ ಆರೂ ತಂತಿ ಒಟ್ಟಿಗೆ ಇಳಿದಿರುತ್ತವೆ. ಗಟ್ಟಿ ಸ್ಪ್ರಿಂಗ್ ಹಾಕಿಕೊಡಿ ಎಂಬುದು ಕೇಳಿಕೆ.

ಗಟ್ಟಿ ಸ್ಪ್ರಿಂಗ್‌ನಿಂದ ಈ ದೂರು ಹೋಗುವುದಿಲ್ಲ. ಆರೂ ತಂತಿ ಒಂದೇ ದಿಕ್ಕಿಗೆ, ಒಟ್ಟಿಗೆ, ನಿಧಾನವಾಗಿ ಇಳಿಯುತ್ತಿವೆ ಎಂದರೆ ಸ್ಪ್ರಿಂಗನ್ನು ಹಿಡಿದಿರುವ ಜಾಗವೇ ಸರಿಯುತ್ತಿದೆ. ಒಂದೆರಡು ತಂತಿ ಮಾತ್ರ ಕೆಡುತ್ತಿದ್ದರೆ ತಪ್ಪು ಬೇರೆ ಕಡೆ. ಆರ್ಮ್ ಒತ್ತಿ ಬಿಟ್ಟಾಗ ತಂತಿ ಏರಿ ನಿಂತರೆ, ಅದೇ ತಂತಿಯನ್ನು ಬೆರಳಿನಿಂದ ಬೆಂಡ್ ಮಾಡಿ ಬಿಟ್ಟಾಗ ಮತ್ತೆ ಇಳಿದರೆ, ಅದು ನಟ್‌ನ ಗಾಡಿಯಲ್ಲಿ (ಕುತ್ತಿಗೆಯ ತುದಿಯ ಪಟ್ಟಿಯಲ್ಲಿ ತಂತಿ ಕೂರುವ ತೋಡಿನಲ್ಲಿ) ಸಿಕ್ಕಿಕೊಳ್ಳುತ್ತಿದೆ. ಒತ್ತಿದಾಗ ತಂತಿ ಟ್ಯೂನರ್ (ಶ್ರುತಿ ಕೀಲಿ) ಕಡೆಗೆ ಸರಿದು ವಾಪಸ್ ಬರಲಾರದೆ ನಿಲ್ಲುತ್ತದೆ, ಅದಕ್ಕೆ ಏರುತ್ತದೆ. ಪ್ರತಿ ಸಲವೂ ಬ್ರಿಡ್ಜ್ ಬೇರೆ ಬೇರೆ ಜಾಗದಲ್ಲಿ ಬಂದು ನಿಂತರೆ ಕಂಬದ ಮೇಲೆ ಕೂರುವ ಅದರ ಚೂಪು ಅಂಚು, ನೈಫ್ ಎಡ್ಜ್, ಸವೆದಿದೆ. ಈ ಮೂರನ್ನು ಬೇರ್ಪಡಿಸದೆ ಸಾಮಾನು ತರಿಸಿದರೆ ದುಡ್ಡು ಹೋಗುತ್ತದೆ, ದೂರು ಉಳಿಯುತ್ತದೆ.

ಪರೀಕ್ಷೆ ಸುಲಭ. ಟ್ಯೂನ್ ಮಾಡಿ, ಗೂಡಿನ ಗೋಡೆಯಿಂದ ಕ್ಲಾ ಪ್ಲೇಟಿನವರೆಗಿನ ದೂರವನ್ನು ವರ್ನಿಯರ್‌ನಲ್ಲಿ ಎರಡೂ ತುದಿಗೆ ಅಳೆದು ಬರೆದಿಡಿ. ಮರುದಿನ ಮತ್ತೆ ಅಳೆಯಿರಿ. ಕ್ಲಾ ಗೋಡೆಯಿಂದ ದೂರ ಬಂದಿದ್ದರೆ ಸ್ಕ್ರೂ ಮರದಿಂದ ಹೊರಬರುತ್ತಿದೆ. ಇಲ್ಲಿ ಬಾಸ್ ಬದಿಯ ಸ್ಕ್ರೂ ಹೊರಬರುತ್ತಿತ್ತು. ಪೇಚ್‌ಕಸ್ (ಸ್ಕ್ರೂಡ್ರೈವರ್) ಇಟ್ಟು ತಿರುಗಿಸಿದರೆ ಕೈಗೆ ಬಿಗಿಯೇ ಹತ್ತುತ್ತಿರಲಿಲ್ಲ.

ಇದರ ಕಾರಣ ಮರದಲ್ಲಿದೆ. ಬಾಡಿಯ ಎಳೆ ಕುತ್ತಿಗೆಯಿಂದ ಬಾಲದ ಕಡೆಗೆ ಹರಿದಿರುತ್ತದೆ, ಕ್ಲಾ ಸ್ಕ್ರೂ ಕೂಡ ಅದೇ ದಿಕ್ಕಿನಲ್ಲಿ ಹೋಗುತ್ತದೆ. ಸ್ಕ್ರೂವಿನ ಗರಿ (ಸುರುಳಿ ಅಂಚು) ಎಳೆಯನ್ನು ಅಡ್ಡ ಕಚ್ಚುವುದಿಲ್ಲ, ಎಳೆಗಳ ನಡುವೆ ಸೀಳಿಕೊಂಡು ಕೂರುತ್ತದೆ. ಬಾಸ್‌ವುಡ್ ಮೊದಲೇ ಮೆತ್ತಗಿನ ಮರ. ಜೊತೆಗೆ ಕಡಿಮೆ ಬೆಲೆಯ ಗಿಟಾರುಗಳಲ್ಲಿ ಸ್ಕ್ರೂ ಗಿಡ್ಡ ಇರುತ್ತದೆ, ತಂತಿಯ ಗೇಜ್ ಬದಲಾದಾಗಲೆಲ್ಲ ಅದೇ ತೂತಿನಲ್ಲಿ ಒಳಗೆ ಹೊರಗೆ ಓಡಾಡುತ್ತದೆ. ಕೊನೆಗೆ ತೂತಿನಲ್ಲಿ ಗರಿ ಉಳಿಯುವುದಿಲ್ಲ, ಮರದ ಪುಡಿ ಉಳಿಯುತ್ತದೆ.

ಎಷ್ಟು ಭಾರ ಎಳೆಯುತ್ತಿದೆ

ಈ ಸ್ಕೇಲ್‌ನಲ್ಲಿ ಸ್ಟ್ಯಾಂಡರ್ಡ್ ಟ್ಯೂನಿಂಗ್‌ಗೆ 9-42 ಸೆಟ್ಟಿನ ಒಟ್ಟು ಎಳೆತ ಸುಮಾರು 38 ಕೆಜಿ, 10-46ರದ್ದು ಸುಮಾರು 47 ಕೆಜಿ. ಸ್ಪ್ರಿಂಗ್‌ಗಳೂ 47 ಕೆಜಿ ಎಳೆಯಬೇಕು ಎಂದುಕೊಳ್ಳುವವರು ಬಹಳ. ಹಾಗಿಲ್ಲ. ಬ್ರಿಡ್ಜ್ ಒಂದು ಸನ್ನೆಕೋಲು. ನೈಫ್ ಎಡ್ಜ್‌ನಿಂದ ತಂತಿ ಸುಮಾರು 10 ಮಿಮೀ ಮೇಲೆ ಎಳೆಯುತ್ತದೆ, ಸ್ಪ್ರಿಂಗ್ ಸುಮಾರು 40 ಮಿಮೀ ಕೆಳಗೆ, ಬ್ಲಾಕಿನ ಬುಡದಲ್ಲಿ ಎಳೆಯುತ್ತದೆ. ಹಾಗಾಗಿ ಮೂರೂ ಸ್ಪ್ರಿಂಗ್ ಸೇರಿ ಸುಮಾರು 12 ಕೆಜಿ ಎಳೆದರೆ ತಕ್ಕಡಿ ಸಮ. 9ರಿಂದ 10ಕ್ಕೆ ಹೋದಾಗ ಸ್ಪ್ರಿಂಗ್ ಕಡೆ ಹೆಚ್ಚಬೇಕಾದದ್ದು ಎರಡು ಕೆಜಿಯ ಆಸುಪಾಸು, ಅದೂ ಮೂರು ಸ್ಪ್ರಿಂಗ್‌ಗೆ ಹಂಚಿ. ಈ ಎರಡು ಕೆಜಿಗೆ ಹೊಸ ಸ್ಪ್ರಿಂಗ್ ಬೇಡ, ಮರದಲ್ಲಿ ಗಟ್ಟಿಯಾಗಿ ಕಚ್ಚುವ ಎರಡು ಸ್ಕ್ರೂ ಸಾಕು.

ಸ್ಪ್ರಿಂಗ್‌ನ ಸಂಖ್ಯೆಯ ಬಗ್ಗೆಯೂ ಒಂದು ಮಾತು ಬೇಕು. ಎರಡು ಹಾಕಿದರೂ ಐದು ಹಾಕಿದರೂ ಕ್ಲಾ ಹಿಂದೆ ಮುಂದೆ ಮಾಡಿ ಇದೇ 12 ಕೆಜಿಗೆ ತಂದು ನಿಲ್ಲಿಸಬಹುದು. ಬದಲಾಗುವುದು ಆರ್ಮ್‌ನ ಮೃದುತ್ವ. ಕಡಿಮೆ ಸ್ಪ್ರಿಂಗನ್ನು ಹೆಚ್ಚು ಎಳೆದು ಕಟ್ಟಿದರೆ ಆರ್ಮ್ ಮೆತ್ತಗೆ ಹೋಗುತ್ತದೆ, ಆದರೆ ಒಂದು ತಂತಿ ಬೆಂಡ್ ಮಾಡಿದಾಗ ಉಳಿದ ತಂತಿಗಳು ಹೆಚ್ಚು ಇಳಿಯುತ್ತವೆ. ಹೆಚ್ಚು ಸ್ಪ್ರಿಂಗ್ ಹಾಕಿದರೆ ಆರ್ಮ್ ಬಿರುಸು, ಬೆಂಡ್‌ನಲ್ಲಿ ಇಳಿತ ಕಡಿಮೆ. 1954ರಲ್ಲಿ ಸ್ಟ್ರಾಟೋಕಾಸ್ಟರ್ ಬಂದಾಗ ಐದು ಸ್ಪ್ರಿಂಗ್‌ಗೆ ಜಾಗವಿಟ್ಟಿದ್ದು ಆ ಕಾಲದ ದಪ್ಪ ತಂತಿಗೆ. ಇಂದಿನ 10-46ಕ್ಕೆ ಫ್ಲೋಟಿಂಗ್ (ಬ್ರಿಡ್ಜ್ ಬಾಡಿಗೆ ತಾಗದೆ ತೇಲುವುದು) ಬೇಕಿದ್ದರೆ ಮೂರೇ ಸರಿಯಾದ ಸಂಖ್ಯೆ, ಆರ್ಮ್ ಬಿರುಸಾಗಿರಲಿ ಎನ್ನುವವರಿಗೆ ನಾಲ್ಕು.

ಸಾಮಾನು

3 ಮಿಮೀ ದಪ್ಪದ ಸ್ಟೀಲ್ ಕ್ಲಾ ಒಂದು, 8 ನಂಬರಿನ 50 ಮಿಮೀ ಉದ್ದದ ಮರದ ಸ್ಕ್ರೂ ಎರಡು, 8 ಮಿಮೀ ಜಾಲಿ ಮರದ ಗೂಟ ಎರಡು, ನಿಧಾನಕ್ಕೆ ಗಟ್ಟಿಯಾಗುವ ಆರಾಲ್ಡೈಟ್, ತೆಳು ಸೂಪರ್ ಗ್ಲೂ, ಮೇಣದ ಬತ್ತಿ, ಸ್ಪಂಜಿನ ಪಟ್ಟಿ, ಒಂದು ಸೆಟ್ 10-46 ತಂತಿ. ಕ್ಲಾ ಮತ್ತು ತಂತಿ ಕೊರಿಯರ್‌ನಲ್ಲಿ ಬರಬೇಕು ಇಲ್ಲವೆ ಹೈದರಾಬಾದಿಗೆ ಹೋಗುವವರ ಕೈಲಿ ತರಿಸಬೇಕು. ಉಳಿದದ್ದೆಲ್ಲ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲೇ ಸಿಗುವಂಥದ್ದು.

ಸ್ಕ್ರೂ ಕೊಳ್ಳುವಾಗ ಜಿಪ್ಸಮ್ ಬೋರ್ಡಿಗೆ ಹೊಡೆಯುವ ಕಪ್ಪು ಸ್ಕ್ರೂ ಕೊಟ್ಟರೆ ಬೇಡವೆನ್ನಿ. ಅದು ಗಡಸು, ಆದರೆ ಬಾಗದೆ ಪಟಕ್ಕನೆ ಮುರಿಯುತ್ತದೆ. ಮುರಿದ ತುಂಡು ಬಾಡಿಯೊಳಗೆ ಉಳಿದರೆ ಅದನ್ನು ತೆಗೆಯುವುದೇ ಇನ್ನೊಂದು ದಿನದ ಕೆಲಸ. ಪೇಚ್‌ಕಸ್ ಫಿಲಿಪ್ಸ್ 2 ನಂಬರಿನದು, ಕಡ್ಡಿ ಕನಿಷ್ಠ 150 ಮಿಮೀ ಉದ್ದ ಇರಲಿ. ಗಿಡ್ಡದ್ದಾದರೆ ಹಿಡಿ ಗೂಡಿನ ಅಂಚಿಗೆ ತಾಗಿ ತುದಿ ಓರೆಯಾಗುತ್ತದೆ, ಸ್ಕ್ರೂ ತಲೆ ಕಿತ್ತುಹೋಗುತ್ತದೆ, ಬಾಡಿಯ ಪೇಂಟಿಗೂ ಗೀರು ಬೀಳುತ್ತದೆ.

ಜಾಲಿ ಏಕೆಂದರೆ ನಮ್ಮ ಕಡೆ ಬಂಡಿಗೂ ಕುಂಟೆಗೂ ತಲೆತಲಾಂತರದಿಂದ ಬಳಸಿದ ಮರ ಅದು. ಬಿಗಿ ಎಳೆ, ಬೇಗ ಸೀಳುವುದಿಲ್ಲ, ಗರಿಯನ್ನು ಬಿಡುವುದಿಲ್ಲ. ತೇಗ ಸುಲಭವಾಗಿ ಸಿಕ್ಕರೂ ಅದರಲ್ಲಿ ಎಣ್ಣೆ ಅಂಶ ಇದೆ, ಅಂಟು ಸರಿಯಾಗಿ ಹಿಡಿಯಬೇಕಾದರೆ ಮೊದಲು ಒರೆಸಿ ತೆಗೆಯಬೇಕು. ಹಲ್ಲುಕಡ್ಡಿ ತುರುಕಿ ಫೆವಿಕಾಲ್ ಹಾಕುವ ಉಪಾಯ ಸ್ಟ್ರಾಪ್ ಬಟನ್‌ಗೆ ಸಾಕಾಗುತ್ತದೆ. ಹಗಲು ರಾತ್ರಿ ಎಳೆತದಲ್ಲಿರುವ ಕ್ಲಾಗೆ ಸಾಕಾಗುವುದಿಲ್ಲ.

ಬಿಚ್ಚುವುದು

ತಂತಿ ಸಡಿಲಿಸುವ ಮುಂಚೆ ಬ್ರಿಡ್ಜ್ ಪ್ಲೇಟಿನ ಕೆಳಗೆ, ಹಿಂಬದಿಗೆ, ಮಡಿಚಿದ ಬಟ್ಟೆ ಇಡಿ. ಇಲ್ಲದಿದ್ದರೆ ತಂತಿಯ ಎಳೆತ ಹೋದ ಕೂಡಲೇ ಸ್ಪ್ರಿಂಗ್ ಪ್ಲೇಟನ್ನು ಬಾಡಿಗೆ ಬಡಿಯುತ್ತದೆ. ಎಲ್ಲ ತಂತಿಯನ್ನೂ ಎರಡೆರಡು ಸುತ್ತು ಇಳಿಸುತ್ತ ಬನ್ನಿ, ಬಿಗಿ ಇರುವಾಗ ಕತ್ತರಿಸಬೇಡಿ. ಸ್ಪ್ರಿಂಗ್ ತೆಗೆಯುವ ಮೊದಲು ಕ್ಲಾ ಸ್ಕ್ರೂಗಳನ್ನು ನಾಲ್ಕೈದು ಸುತ್ತು ಹಿಂದಕ್ಕೆ ತಿರುಗಿಸಿ. ಆಮೇಲೆ ಕ್ಲಾ ಕಡೆಯ ಕೊಂಡಿಯನ್ನು ಇಕ್ಕಳದಲ್ಲಿ ಹಿಡಿದು ಬಿಡಿಸಿ. ಕಣ್ಣಿಗೆ ಕನ್ನಡಕ ಇರಲಿ, ಸ್ಪ್ರಿಂಗ್ ಮೇಲೆ ಒಂದು ಕೈ ಬಟ್ಟೆ ಇರಲಿ.

ಕ್ಲಾಗೆ ಬೆಸೆದಿರುವ ಗ್ರೌಂಡ್ ವೈರ್ ಬಿಡಿಸಲು 25 ವಾಟಿನ ಸೋಲ್ಡರಿಂಗ್ ಐರನ್ ಸಾಲದು. ಅಷ್ಟು ದೊಡ್ಡ ಲೋಹ ಶಾಖವನ್ನೆಲ್ಲ ಕುಡಿದುಬಿಡುತ್ತದೆ, ಸೀಸ ಕರಗುವಷ್ಟರಲ್ಲಿ ವೈರಿನ ಪ್ಲಾಸ್ಟಿಕ್ ಕರಗಿರುತ್ತದೆ. 60 ವಾಟಿನದು, ಚಪ್ಪಟೆ ತುದಿಯದು ಬಳಸಿ.

ತೂತು ತುಂಬುವುದು

ಇಡೀ ಕೆಲಸದಲ್ಲಿ ಅವಸರ ಮಾಡಬಾರದ ಭಾಗ ಇದು. ಹಳೆಯ ತೂತಿಗೆ ಒಂದು ತೆಳು ಕಡ್ಡಿ ಹಾಕಿ ನೋಡಿ, ಅದು ಯಾವ ಕೋನದಲ್ಲಿ ಹೋಗಿದೆ ಎಂದು ತಿಳಿಯುತ್ತದೆ. ಸ್ಕ್ರೂ ನೇರ ಹೋಗಿರುವುದಿಲ್ಲ, ಗೂಡಿನ ಆಚೆಯ ಅಂಚು ಅಡ್ಡ ಬರುವುದರಿಂದ ಸ್ವಲ್ಪ ಓರೆಯಾಗಿ ಬಾಡಿಯ ಮುಖದ ಕಡೆಗೆ ಇಳಿದಿರುತ್ತದೆ. ಇದೇ ಕೋನ ಹೆಚ್ಚಾದರೆ ಸ್ಕ್ರೂವಿನ ತುದಿ ಕುತ್ತಿಗೆ ಕಡೆಯ ಪಿಕಪ್ಪಿನ ಗೂಡಿಗೆ ಹೊರಬರುತ್ತದೆ. ಹಳೆಯ ಸ್ಕ್ರೂಗಿಂತ ಉದ್ದದ್ದು ಹಾಕುತ್ತಿರುವುದರಿಂದ ಪಿಕ್‌ಗಾರ್ಡ್ ಎತ್ತಿ ಮರ ಎಷ್ಟು ದಪ್ಪ ಉಳಿದಿದೆ ಎಂದು ಅಳೆದೇ ಮುಂದುವರಿಯಬೇಕು.

8 ಮಿಮೀ ಬಿಟ್ ಉದ್ದದ್ದೇ ಬೇಕು, 160 ಮಿಮೀ ಆಸುಪಾಸಿನದು. ಮಾಮೂಲಿ ಬಿಟ್ ಆದರೆ ಡ್ರಿಲ್ಲಿನ ಮೂತಿ ಬಾಡಿಗೆ ತಾಗಿ ಕೋನ ಇನ್ನಷ್ಟು ಓರೆಯಾಗುತ್ತದೆ. ಬಿಟ್‌ನ ತುದಿಯಿಂದ 35 ಮಿಮೀಗೆ ಟೇಪ್ ಸುತ್ತಿ ಗುರುತು ಮಾಡಿ, ನಿಧಾನ ವೇಗದಲ್ಲಿ ಕೊರೆಯಿರಿ. ಮೆತ್ತಗಿನ ಮರ, ಬಿಟ್ ತಾನೇ ಒಳಗೆ ಎಳೆದುಕೊಂಡು ಹೋಗಲು ನೋಡುತ್ತದೆ. ಟೇಪ್ ಕಾಣುತ್ತಲೇ ನಿಲ್ಲಿಸಬೇಕು.

ಗೂಟದ ಮೈಗೆ ಉದ್ದಕ್ಕೆ ಒಂದು ಸಣ್ಣ ಗಾಡಿ ಕೊಯ್ಯಿರಿ. ಅದಿಲ್ಲದಿದ್ದರೆ ತಳದಲ್ಲಿ ಸಿಕ್ಕಿಬಿದ್ದ ಗಾಳಿ ಗೂಟವನ್ನು ಹೊರಗೆ ತಳ್ಳುತ್ತದೆ, ಇಲ್ಲವೇ ತಟ್ಟಿದ ಏಟಿಗೆ ಬಾಸ್‌ವುಡ್ ಸೀಳುತ್ತದೆ. ಆರಾಲ್ಡೈಟನ್ನು ತೂತಿನ ಗೋಡೆಗೂ ಗೂಟಕ್ಕೂ ಸವರಿ, ಮರದ ಸುತ್ತಿಗೆಯಿಂದ ಮೆಲ್ಲಗೆ ಕೂರಿಸಿ, ಹೆಚ್ಚಾದದ್ದು ಒರೆಸಿ, ಇಡೀ ಒಂದು ದಿನ ಬಿಡಿ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಅಂಟು ಬೇಗ ಬಿಗಿಯಾಗುತ್ತದೆ, ಕಲಸಿದ್ದನ್ನು ಬಳಸಲು ಸಿಗುವ ಹೊತ್ತೂ ಅಷ್ಟೇ ಕಡಿಮೆ. ಎರಡು ಗೂಟಕ್ಕೆ ಎರಡು ಸಲ ಕಲಸಿ.

ಮರುದಿನ ಗೂಟವನ್ನು ಗೋಡೆಗೆ ಸಮವಾಗಿ ಕತ್ತರಿಸಿ, ಹೊಸ ಕ್ಲಾ ಹಿಡಿದು ನಡು ಗುರುತಿಸಿ, 3.2 ಮಿಮೀ ಬಿಟ್‌ನಿಂದ ಕೊರೆಯಿರಿ. ಇದು ಜಾಲಿಗೆ ತಕ್ಕ ಅಳತೆ. ಬಾಸ್‌ವುಡ್‌ಗೇ ನೇರ ಹಾಕುವುದಾದರೆ 2.8 ಮಿಮೀ. ಮೊದಲು ಸ್ಕ್ರೂಗೆ ಮೇಣ ಹಚ್ಚಿ ಕ್ಲಾ ಇಲ್ಲದೆಯೇ ಒಮ್ಮೆ ಪೂರ್ತಿ ಒಳಗೆ ಹಾಕಿ ತೆಗೆಯಿರಿ. ಸಾಬೂನು ಹಚ್ಚುವ ಅಭ್ಯಾಸ ಬೇಡ, ಅದು ಮಳೆಗಾಲದಲ್ಲಿ ತೇವ ಹಿಡಿದು ಸ್ಕ್ರೂಗೆ ತುಕ್ಕು ತರುತ್ತದೆ. ಬಾಸ್‌ವುಡ್‌ನಲ್ಲಿ ಕೊರೆದ ತೂತಾದರೆ ಮಾತ್ರ ಮೊದಲ ಸಲ ಮೇಣವಿಲ್ಲದ ಸ್ಕ್ರೂ ಹಾಕಿ ತೆಗೆದು, ಮೂಡಿದ ಗರಿಗೆ ಎರಡು ಹನಿ ತೆಳು ಸೂಪರ್ ಗ್ಲೂ ಬಿಟ್ಟು, ಪೂರ್ತಿ ಒಣಗಿದ ಮೇಲೆ ಮೇಣ ಹಚ್ಚಿದ ಸ್ಕ್ರೂ ಹಾಕಿ. ಗ್ಲೂ ಹಸಿ ಇರುವಾಗ ಸ್ಕ್ರೂ ಹಾಕಿದರೆ ಅದು ಅಲ್ಲೇ ಶಾಶ್ವತ.

ಕ್ಲಾ, ಗ್ರೌಂಡ್, ಸ್ಪ್ರಿಂಗ್

ಹೊಸ ಕ್ಲಾದ ಕೊಂಡಿಗಳ ಅಂಚನ್ನು ಬೆರಳಿನಿಂದ ಸವರಿ ನೋಡಿ. ಒತ್ತಿ ಕತ್ತರಿಸಿದ ಪ್ಲೇಟಿನಲ್ಲಿ ಚೂಪು ಉಳಿದಿರುತ್ತದೆ. ಸಣ್ಣ ಅರದಿಂದ ನಾಲ್ಕು ಸಲ ಉಜ್ಜಿದರೆ ಸ್ಪ್ರಿಂಗ್ ಒಂದೇ ಜಾಗದಲ್ಲಿ ಕೂರುತ್ತದೆ, ಆರ್ಮ್ ಒತ್ತಿದಾಗ ಬರುವ ಟಿಕ್ ಶಬ್ದವೂ ನಿಲ್ಲುತ್ತದೆ. ಗ್ರೌಂಡ್ ವೈರ್ ಬೆಸೆಯುವ ಜಾಗದಲ್ಲಿ ಕ್ರೋಮ್ ಲೇಪವನ್ನು ಸ್ಯಾಂಡ್ ಪೇಪರಿನಿಂದ ತೆಗೆದು, ಫ್ಲಕ್ಸ್ ಹಚ್ಚಿ, ಮೊದಲು ಲೋಹಕ್ಕೆ ಸೀಸ ಹರಿಸಿ ಆಮೇಲೆ ವೈರ್ ಇಡಿ. ಬೆಸುಗೆಯನ್ನು ಗೂಡಿನ ಹೊರಗೆ ಮಾಡಿಕೊಂಡರೆ ಕೈ ಆಡುತ್ತದೆ. ತಂತಿಯಿಂದ ಜ್ಯಾಕ್‌ನ ಹೊರ ಬಳೆಯವರೆಗೆ ಮಲ್ಟಿಮೀಟರ್ 1 ಓಮ್‌ಗಿಂತ ಕಡಿಮೆ ತೋರಿಸಬೇಕು. ತೋರಿಸದಿದ್ದರೆ ಕೈ ಇಟ್ಟಾಗಲೂ ಹಮ್ ಹೋಗುವುದಿಲ್ಲ.

ಮೂರು ಸ್ಪ್ರಿಂಗ್‌ಗಳನ್ನು ಬ್ಲಾಕಿನ 1, 3, 5ನೇ ತೂತಿನಿಂದ ಕ್ಲಾದ 1, 3, 5ಕ್ಕೆ ನೇರ ಹಾಕಬಹುದು. ಇಲ್ಲವೇ ಹೊರಗಿನ ಎರಡನ್ನು ಕ್ಲಾದ 2, 4ಕ್ಕೆ ಓರೆಯಾಗಿ ಸೇರಿಸಿದರೆ ಅಷ್ಟೇ ಉದ್ದ ಹೆಚ್ಚು ಎಳೆದು ಸ್ವಲ್ಪ ಬಿಗಿ ಬರುತ್ತದೆ. ಇಲ್ಲಿ ನೇರವೇ ಹಾಕಿದೆ. ಬಾಸ್ ತಂತಿ ಭಾರ ಎಂದು ಕ್ಲಾವನ್ನು ಆ ಬದಿಗೆ ಹೆಚ್ಚು ಬಿಗಿದು ಓರೆ ಕೂರಿಸುವುದು ರೂಢಿಯಲ್ಲಿದೆ. ಬ್ಲಾಕ್ ಒಂದೇ ಗಟ್ಟಿ ತುಂಡು, ಯಾವ ಸ್ಪ್ರಿಂಗ್ ಯಾವ ತಂತಿಯನ್ನು ಎಳೆಯುತ್ತಿದೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಓರೆ ಎಳೆತ ಹೆಚ್ಚಾದರೆ ಒಂದು ಕಂಬದ ಮೇಲೆ ನೈಫ್ ಎಡ್ಜ್ ಹೆಚ್ಚು ಉಜ್ಜುತ್ತದೆ ಅಷ್ಟೆ. ಕ್ಲಾ ಗೋಡೆಗೆ ಸಮಾನಾಂತರ ಇರುವುದೇ ಒಳ್ಳೆಯದು.

ಒಂದು ತಂತಿ ಜೋರಾಗಿ ಮೀಟಿ ಕೈಯಿಂದ ತಡೆದರೆ ಹಿಂದಿನಿಂದ ರೀವರ್ಬ್‌ನಂತೆ ಉಳಿಯುವ ಗುಂಯ್ ಶಬ್ದ ಸ್ಪ್ರಿಂಗ್‌ನದು. ಸ್ಪ್ರಿಂಗ್ ಕೆಳಗೆ ಸ್ಪಂಜಿನ ಪಟ್ಟಿ ತುರುಕಿದರೆ ನಿಲ್ಲುತ್ತದೆ. ಸ್ಪಂಜು ಬ್ಲಾಕಿಗೆ ತಾಗದಿರಲಿ.

ಬಿಗಿ ಹೊಂದಿಸುವುದು

ಸಾಮಾನ್ಯವಾಗಿ ಮಾಡುವುದು ಹೀಗೆ: ಟ್ಯೂನ್ ಮಾಡು, ಬ್ರಿಡ್ಜ್ ಎದ್ದಿದೆ, ಕ್ಲಾ ಬಿಗಿ ಮಾಡು, ಈಗ ತಂತಿ ಏರಿದೆ, ಮತ್ತೆ ಟ್ಯೂನ್ ಮಾಡು. ಹತ್ತು ಸುತ್ತು ಹೋದರೂ ಮುಗಿಯುವುದಿಲ್ಲ. ಬೆಣೆ ಇಟ್ಟು ಮಾಡಿದರೆ ಒಂದೇ ಸುತ್ತಿನಲ್ಲಿ ಬಹುಪಾಲು ಮುಗಿಯುತ್ತದೆ.

ಬ್ರಿಡ್ಜ್ ಪ್ಲೇಟಿನ ಹಿಂಬದಿ ಬಾಡಿಯಿಂದ 3.2 ಮಿಮೀ ಎತ್ತರದಲ್ಲಿರಬೇಕು, ಇದು ಫೆಂಡರ್ ಹೇಳುವ ಅಳತೆ. ಪೈಲಟ್ ತೂತು ಕೊರೆದ ಅದೇ 3.2 ಮಿಮೀ ಬಿಟ್ ಈಗ ಅಳತೆಗೋಲು. ಅದರ ಹಿಂದಿನ ನುಣುಪು ಕಡ್ಡಿಯನ್ನು ಪ್ಲೇಟಿನ ಕೆಳಗೆ ತೂರಿಸಿದರೆ ಮೆಲ್ಲಗೆ ಉಜ್ಜಿಕೊಂಡು ಹೋಗಬೇಕು. ಪ್ಲೇಟನ್ನು ಈ ಎತ್ತರದಲ್ಲಿ ಹಿಡಿದು, ಗೂಡಿನಲ್ಲಿ ಬ್ಲಾಕಿಗೂ ಬಾಲದ ಕಡೆಯ ಗೋಡೆಗೂ ನಡುವೆ ಮರದ ಬೆಣೆ ಸೇರಿಸಿ. ತಂತಿ ಎಳೆದಾಗ ಬ್ಲಾಕಿನ ಬುಡ ಬಾಲದ ಕಡೆಗೆ ಸರಿಯಲು ನೋಡುತ್ತದೆ, ಬೆಣೆ ಅದನ್ನು ತಡೆಯುತ್ತದೆ. ಬೆಣೆಯನ್ನು ಕುತ್ತಿಗೆ ಕಡೆ ಇಟ್ಟರೆ ಏನೂ ಪ್ರಯೋಜನವಿಲ್ಲ.

ಈಗ ಬ್ರಿಡ್ಜ್ ಅಲುಗಾಡುವುದಿಲ್ಲ, ಗಟ್ಟಿ ಬ್ರಿಡ್ಜಿನ ಗಿಟಾರಿನಂತೆ ಆರೂ ತಂತಿ ಟ್ಯೂನ್ ಮಾಡಿ. ಪ್ರತಿ ತಂತಿಯನ್ನೂ ಎತ್ತಿ ಎಳೆದು ಮತ್ತೆ ಟ್ಯೂನ್ ಮಾಡಿ, ಇಳಿಯುವುದು ನಿಲ್ಲುವವರೆಗೆ. ಆಮೇಲೆ ಕ್ಲಾದ ಎರಡೂ ಸ್ಕ್ರೂಗಳನ್ನು ಒಂದೊಂದಾಗಿ ಅರ್ಧ ಸುತ್ತಿನಂತೆ ಬಿಗಿ ಮಾಡುತ್ತ ಹೋಗಿ, ನಡುನಡುವೆ ಬೆಣೆಯನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿ. ಮೊದಲು ಅದು ಬಂಡೆಯಂತೆ ಕೂತಿರುತ್ತದೆ. ಒಂದು ಹಂತದಲ್ಲಿ ಸ್ವಲ್ಪ ಜಾರುತ್ತದೆ. ಅಲ್ಲಿಂದ ಮುಂದೆ ಕಾಲು ಸುತ್ತಿಗಿಂತ ಹೆಚ್ಚು ಬೇಡ, ಏಕೆಂದರೆ ಒಂದು ಪೂರ್ತಿ ಸುತ್ತು ಕ್ಲಾವನ್ನು ಸುಮಾರು 1.7 ಮಿಮೀ ಎಳೆಯುತ್ತದೆ. ಬೆಣೆ ತಾನಾಗಿ ಕೈಗೆ ಬಂತೆಂದರೆ ತಕ್ಕಡಿ ಸಮ ಆಗಿದೆ. ಟ್ಯೂನರ್‌ನಲ್ಲಿ (ಶ್ರುತಿ ತೋರಿಸುವ ಯಂತ್ರದಲ್ಲಿ) ನೋಡಿ, ಕಡ್ಡಿ ತೂರಿಸಿ ನೋಡಿ, ಉಳಿದ ವ್ಯತ್ಯಾಸವನ್ನು ಎಂಟನೇ ಒಂದು ಸುತ್ತಿನಲ್ಲಿ ಸರಿಮಾಡಿ.

ಪ್ಲೇಟ್ ಬಾಡಿಗೆ ಅಂಟಿಕೊಂಡಿರಲಿ, ಆರ್ಮ್ ಕೆಳಗೆ ಮಾತ್ರ ಹೋಗಲಿ ಎನ್ನುವವರಿಗೆ ಲೆಕ್ಕ ಬೇರೆ. ಪ್ಲೇಟ್ ಬಾಡಿ ಮುಟ್ಟಿದ ಮೇಲೆ ಎರಡೂ ಸ್ಕ್ರೂ ಇನ್ನೂ ಅರ್ಧ ಸುತ್ತು ಬಿಗಿ ಮಾಡಿ, ಜಿ ತಂತಿಯನ್ನು ಒಂದು ಸ್ವರ ಬೆಂಡ್ ಮಾಡಿ. ಪ್ಲೇಟಿನ ಹಿಂಬದಿ ಏಳದಿದ್ದರೆ ಸಾಕು. ಏಳುತ್ತಿದ್ದರೆ ನಾಲ್ಕನೇ ಸ್ಪ್ರಿಂಗ್ ಹಾಕಿ.

ಕಂಬದ ಎತ್ತರ ಬದಲಿಸಬೇಕಾದರೆ ತಂತಿ ಸಡಿಲಿಸಿಯೇ ಮಾಡಿ. ಪೂರ್ತಿ ಎಳೆತದಲ್ಲಿ ಕಂಬ ತಿರುಗಿಸಿದರೆ ನೈಫ್ ಎಡ್ಜ್ ಅದರ ಮೇಲೆ ಅರದಂತೆ ಉಜ್ಜುತ್ತದೆ. ಒಮ್ಮೆ ಆ ಅಂಚು ಮೊಂಡಾಯಿತೆಂದರೆ ಯಾವ ಸ್ಪ್ರಿಂಗೂ ಅದನ್ನು ಮೊದಲಿನ ಜಾಗಕ್ಕೆ ತರಲಾರದು. ಅಲ್ಲಿಗೆ ಗ್ರೀಸ್ ಹಚ್ಚುವುದಾದರೆ ಸೂಜಿ ಮೊನೆಯಷ್ಟು. ನಮ್ಮೂರಿನ ಧೂಳು ಗ್ರೀಸಿನಲ್ಲಿ ಕೂತರೆ ಸಾಣೆ ಹಿಡಿದಂತೆಯೇ. ನಟ್‌ನ ಗಾಡಿಗಳಿಗೆ ಪೆನ್ಸಿಲ್ ಸೀಸ ತಿಕ್ಕಿದರೆ ಸಾಕು.

ಬಿಸಿಲು ಮತ್ತು ಸ್ಕ್ರೂ

ಬೇಸಿಗೆಯಲ್ಲಿ ಕಲಬುರಗಿ, ಯಾದಗಿರಿಯಲ್ಲಿ ಹಗಲು 40 ಡಿಗ್ರಿ ದಾಟುವುದು ಸಾಮಾನ್ಯ. ಕೂಲರ್ ಇರುವ ಕೋಣೆಯಿಂದ ಶಾಮಿಯಾನದ ಕೆಳಗಿನ ಸ್ಟೇಜಿಗೆ ಹೋದರೆ ತಂತಿ ಮೊದಲು ಕಾಯುತ್ತದೆ, ಮರ ನಿಧಾನಕ್ಕೆ. ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ. ದಪ್ಪ ತಂತಿಗಳು ಹೆಚ್ಚು ಇಳಿಯುತ್ತವೆ, ಅವುಗಳ ಒಳಗಿನ ಉಕ್ಕಿನ ಎಳೆ ತೆಳುವಾದ ಪ್ಲೇನ್ (ಸುತ್ತಿಲ್ಲದ) ತಂತಿಯಷ್ಟು ಎಳೆದುಕೊಂಡಿರುವುದಿಲ್ಲವಾದ್ದರಿಂದ ಅಷ್ಟೇ ಹಿಗ್ಗಿದರೂ ಬಿಗಿ ಹೆಚ್ಚು ಕಳೆದುಕೊಳ್ಳುತ್ತವೆ. ಆಗ ಪೇಚ್‌ಕಸ್ ಹಿಡಿಯಬೇಡಿ. ಹತ್ತು ನಿಮಿಷ ಗಿಟಾರನ್ನು ಆ ಗಾಳಿಗೆ ಒಡ್ಡಿ ಶ್ರುತಿ ಕೀಲಿ ತಿರುಗಿಸಿ ಸರಿಮಾಡಿಕೊಳ್ಳಿ. ಶ್ರುತಿ ಸರಿಯಾದರೆ ಬ್ರಿಡ್ಜ್ ತಾನೇ 3.2 ಮಿಮೀಗೆ ಮರಳುತ್ತದೆ, ಏಕೆಂದರೆ ಎಳೆತ ಮೊದಲಿನಷ್ಟೇ. ಬಿಸಿಲಿಗೆ ಕ್ಲಾ ತಿರುಗಿಸಿದವರು ರಾತ್ರಿ ತಂಪಾದಾಗ ಮತ್ತೆ ತಿರುಗಿಸಬೇಕಾಗುತ್ತದೆ. ಮೊದಲು ತೂತು ಹಾಳಾಗುವುದು ಹೀಗೆಯೇ.

ಇನ್ನು ಮಾರುಕಟ್ಟೆಯಲ್ಲಿರುವ ದೊಡ್ಡ ಸಾಮಾನುಗಳು. ಟ್ರೆಮೋಲ್-ನೋ ಎಂಬುದು ಕ್ಲಾದಿಂದ ಬ್ಲಾಕಿಗೆ ಜಾರುವ ಕಡ್ಡಿ, ಬೆರಳಿನ ಸ್ಕ್ರೂ ಬಿಗಿದರೆ ಬ್ರಿಡ್ಜ್ ಪೂರ್ತಿ ನಿಲ್ಲುತ್ತದೆ ಅಥವಾ ಕೆಳಗೆ ಮಾತ್ರ ಹೋಗುತ್ತದೆ. ಒಂದೇ ಗಿಟಾರಿನಲ್ಲಿ ಡ್ರಾಪ್ ಡಿ ಟ್ಯೂನಿಂಗ್ (ದಪ್ಪ ಇ ತಂತಿಯನ್ನು ಡಿಗೆ ಇಳಿಸುವುದು) ಬೇಕಾದವರಿಗೆ ಕೊಟ್ಟ ದುಡ್ಡಿಗೆ ಬೆಲೆ ಇದೆ. ಜಸ್ತದ (ಸತುವಿನ) ಬ್ಲಾಕ್ ತೆಗೆದು ಉಕ್ಕಿನದು ಹಾಕುವ ಕೆಲಸ ಬೇರೆಯದೇ, ಆದರೆ ಆರ್ಮ್ ತಿರುಪು ಸಡಿಲಾಗಿದ್ದರೆ ಇದೇ ಹೊತ್ತಿಗೆ ಮಾಡಿಬಿಡಿ. ಅಗ್ಗದ ಬ್ಲಾಕುಗಳು ಜಸ್ತದ ಮಿಶ್ರಲೋಹದ ಎರಕ. ಬೀದರಿನ ಬಿದ್ರಿ ಪಾತ್ರೆಗಳ ಲೋಹವೂ ಬಹುಪಾಲು ಜಸ್ತವೇ, ಉಳಿಗೆ ಸುಲಭವಾಗಿ ಬಗ್ಗುತ್ತದೆ ಎಂದೇ ಅದರ ಮೇಲೆ ಅಷ್ಟು ಸಣ್ಣ ಗೆರೆ ಕೊರೆದು ಬೆಳ್ಳಿ ಕೂರಿಸಲಾಗುತ್ತದೆ. ಅದೇ ಮೆತ್ತಗಿನ ಗುಣದಿಂದ ಬ್ಲಾಕಿನೊಳಗಿನ ಗರಿ ಉಕ್ಕಿನ ಆರ್ಮ್‌ಗೆ ಸವೆಯುತ್ತದೆ. ಹೊಸ ಬ್ಲಾಕ್ ತರಿಸುವ ಮುಂಚೆ ಮೂರು ಅಳತೆ ನೋಡಿ: ತಂತಿ ತೂತುಗಳ ನಡುವಿನ ದೂರ, ಬ್ಲಾಕಿನ ಆಳ, ಆರ್ಮ್‌ನ ಗರಿ. ಆಳ ಹೆಚ್ಚಾದರೆ ಹಿಂದಿನ ಮುಚ್ಚಳಕ್ಕೆ ತಾಗುತ್ತದೆ.

ಕೆಲಸ ಮುಗಿದ ದಿನ ಕ್ಲಾದ ಎರಡೂ ತುದಿಯ ಅಳತೆಯನ್ನು ತಾರೀಖು ಸಮೇತ ಹಿಂದಿನ ಮುಚ್ಚಳದ ಒಳಬದಿಗೆ ಮಾರ್ಕರ್‌ನಲ್ಲಿ ಬರೆಯಿರಿ. ಒಂದು ವಾರ ಬಿಟ್ಟು ಅದೇ ವರ್ನಿಯರ್‌ನಲ್ಲಿ ಮತ್ತೆ ಅಳೆಯಿರಿ. ಅರ್ಧ ಮಿಲಿಮೀಟರ್ ಹೊರಗೆ ಬಂದಿದ್ದರೂ ಗೂಟ ಹಿಡಿದಿಲ್ಲ. ತಂತಿ ಇಳಿಸಿ, ಮತ್ತೆ ಕೊರೆದು, ಹೊಸ ಗೂಟ ಕೂರಿಸಿ.